ಮುಯ್ಯಿಗೆ ಬಂದ ಬಾಗಿಲು

ಮಹದೇವು,

ಅಕ್ಕ ತಮ್ಮನಿಗೆ ಕಾಗದ ಬರೆಯುವಾಗ ಮೊದಲು ಆಶೀರ್ವಾದ ಬರೆಯಬೇಕು, ಆಮೇಲೆ ಕ್ಷೇಮ ಕೇಳಬೇಕು. ಆಶೀರ್ವಾದ ಕೊನೆಗಿರಲಿ. ಕ್ಷೇಮ ಕೇಳುವ ಅಗತ್ಯವಿಲ್ಲ, ನಿನ್ನ ಬಲಗೈ ಹೇಗಿದೆ ಎಂದು ಅಮ್ಮ ದಿನವೂ ಫೋನು ಮಾಡಿ ಹೇಳುತ್ತಾಳೆ. ಬೊಬ್ಬೆಗಳು ಒಡೆದಿವೆಯಂತೆ, ಬಟ್ಟೆ ಬಿಚ್ಚುವಾಗ ಚರ್ಮ ಅಂಟಿಕೊಂಡು ಬರುತ್ತಿದೆಯಂತೆ, ಅನ್ನ ಕಲಸಲು ಆಗದೆ ಅಮ್ಮನೇ ತುತ್ತು ಇಡುತ್ತಿದ್ದಾಳಂತೆ. ಆ ಕೈ ಸುಟ್ಟವಳು ನಾನು. ಇನ್ನೊಂದು ಸಲ ಅದು ನನ್ನ ಮನೆಯ ಚಿಲಕಕ್ಕೆ ಬಂದರೆ ಇನ್ನೊಂದು ಸಲ ಸುಡುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ನಿಧಾನವಾಗಿ ಬರೆಯಬಹುದು.

ಈ ಕಾಗದ ಬರೆಯುತ್ತಿರುವುದು ಮನೆಯ ಇನ್ಶೂರೆನ್ಸಿನ ವಿಚಾರಕ್ಕೆ. ನಗು ಬಂದರೆ ನಕ್ಕುಬಿಡು. ಸಾಲ ಕೊಡುವಾಗ ಬ್ಯಾಂಕಿನವರು ಕಟ್ಟಡಕ್ಕೂ ಇನ್ಶೂರೆನ್ಸ್ ಮಾಡಿಸಲೇಬೇಕೆಂದು ಪಟ್ಟು ಹಿಡಿದಾಗ ನೀನು ನನ್ನನ್ನು ಆಡಿಕೊಂಡಿದ್ದೆ. "ಮನುಸ್ರಿಗ್ ಮಾಡುಸ್ತಾರೆ, ಎಮ್ಮೆಗ್ ಮಾಡುಸ್ತಾರೆ, ಗೋಡೆಗೂ ಮಾಡುಸ್ತಾರಾ ಅಕ್ಕ? ನಿನ್ ಮನೆನೇನು ಆನೆ ಬಂದು ತುಳಿತದಾ?" ಅಂದಿದ್ದೆ. ಆನೆ ಬರಲಿಲ್ಲ, ನೀನು ಬಂದೆ. ಆ ಒಡೆದ ಬಾಗಿಲಿಗೆ ಕ್ಲೇಮ್ ಹಾಕಬೇಕೋ ಬೇಡವೋ ಎಂಬುದೇ ಕೆಲವು ದಿನ ನನ್ನ ತಲೆಯನ್ನು ತಿನ್ನುತ್ತಿತ್ತು. ಅಷ್ಟು ಸಣ್ಣ ದುಡ್ಡಿಗೆ ಇಷ್ಟು ಯೋಚನೆ ಯಾಕೆ ಎಂದು ಎಲ್ಲರೂ ಕೇಳಿದರು. ಯಾಕೆಂದು ನಿನಗೆ ಹೇಳುತ್ತೇನೆ.

ಆ ಭಾನುವಾರ ಏನು ಮಾಡಿದೆಯೆಂದು ನಿನಗೆ ನೆನಪೇ ಇಲ್ಲವಂತೆ. ಕುಡಿದಿದ್ದ ಎಂದು ಅಮ್ಮ ಸೇರಿಸುತ್ತಾಳೆ. ಕುಡಿದು ಮೈಮರೆತವನು ನಮ್ಮ ಬೀದಿಯ ಲೈಟು ಕಂಬ ಹತ್ತಿ, ಅಷ್ಟು ವೈರುಗಳಲ್ಲಿ ನನ್ನ ಮನೆಯದೊಂದನ್ನೇ ಕಿತ್ತು, ಅಕ್ಕಪಕ್ಕದವರ ಕರೆಂಟು ಉಳಿಸಿ ಇಳಿಯಲಾರ. ಲೈನ್‌ಮನ್ ಮಹದೇವು ಪೂರ್ತಿ ಎಚ್ಚರದಲ್ಲಿದ್ದೇ ಆ ಕೆಲಸ ಮಾಡಿದ್ದಾನೆ. ಹಾಗಾಗಿ ನೆನಪು ಇಲ್ಲವೆಂಬ ಮಾತನ್ನು ಅಮ್ಮನ ಹತ್ತಿರ ಇಟ್ಟುಕೋ.

ನಿನ್ನ ಹೆಂಡತಿ ವೀಣ ನನ್ನ ಮನೆಗೆ ಬಂದದ್ದು ಅದರ ಹಿಂದಿನ ಶುಕ್ರವಾರ. ಕೊಪ್ಪದಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿನಿಂದ ಮಳವಳ್ಳಿಗೆ ಇನ್ನೊಂದು. ಅಷ್ಟು ದೂರವೂ ಸೆರಗನ್ನು ಎಡಗಿವಿಗೆ ಒತ್ತಿ ಹಿಡಿದುಕೊಂಡೇ ಬಂದಿದ್ದಳು. ಹಲ್ಲುನೋವಾ ಎಂದು ಕಂಡಕ್ಟರು ಕೇಳಿದನಂತೆ, ಹೂಂ ಅಂದಳಂತೆ. ನನ್ನ ಅಡುಗೆಮನೆಯಲ್ಲಿ ಕೂತು ಸೆರಗು ತೆಗೆದಾಗ ಕಿವಿಯ ಹಾಲೆ ಎರಡು ಸೀಳಾಗಿ ಇಳಿಬಿದ್ದಿತ್ತು. ಕೊರಳವರೆಗೂ ರಕ್ತ ಒಣಗಿ ಕಪ್ಪಾಗಿತ್ತು. ಮದ್ದೂರಿನ ಗಾರ್ಮೆಂಟ್ಸಿಗೆ ಕೆಲಸಕ್ಕೆ ಸೇರುತ್ತೇನೆ ಎಂದಿದ್ದಳು, ಅಷ್ಟೇ. ಅದಕ್ಕೆ ನೀನು ಓಲೆ ಹಿಡಿದು ಎಳೆದೆ. ಕಿತ್ತು ಬಂದ ಓಲೆಯನ್ನು ತೊಳೆದು ಬೀರುವಿನಲ್ಲಿ ಇಟ್ಟಿದ್ದೀಯಂತೆ. ಚಿನ್ನ ಹಾಳಾಗಬಾರದಲ್ಲ. ಡಾಕ್ಟರು ಹೊಲಿಗೆ ಹಾಕುವಾಗ ಅವಳು ನನ್ನ ಬೆರಳುಗಳನ್ನು ಹಿಡಿದ ರೀತಿಗೆ ನನ್ನ ಉಂಗುರ ಮಾಂಸದೊಳಕ್ಕೆ ಇಳಿಯಿತು. ಕೂಗಲಿಲ್ಲ. ಕೂಗಬಾರದೆಂದು ಅವಳಿಗೆ ಅಭ್ಯಾಸ ಮಾಡಿಸಿದ್ದೀಯ.

ಭಾನುವಾರ ಮಧ್ಯಾಹ್ನ ಮುದ್ದೆಗೆ ಎಸರು ಇಟ್ಟಿದ್ದೆ. ದೊಡ್ಡ ತಪ್ಪಲೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಇದ್ದಕ್ಕಿದ್ದಂತೆ ಫ್ಯಾನು ನಿಂತಿತು. ಪಕ್ಕದ ಮನೆಯ ಟೀವಿ ಮಾತ್ರ ಓಡುತ್ತಲೇ ಇತ್ತು. ನಾನಿನ್ನೂ ಫ್ಯೂಸು ಹೋಯಿತೇನೋ ಎಂದುಕೊಳ್ಳುತ್ತಿದ್ದೆ, ವೀಣ ಈರುಳ್ಳಿ ಹೆಚ್ಚುವುದನ್ನು ಬಿಟ್ಟು "ಅಕ್ಕ, ಬಂದವ್ರೆ" ಅಂದಳು. ಎದ್ದು ಹೋಗಿ ಬಚ್ಚಲಿನಲ್ಲಿ ಕೂತಳು. ನಾನು ಓಡಿಹೋಗಿ ಬಾಗಿಲು ಹಾಕಿ ಚಿಲಕ ತಳ್ಳುವುದಕ್ಕೂ ಮೊದಲ ಏಟು ಬೀಳುವುದಕ್ಕೂ ಸರಿಹೋಯಿತು.

ಕಬ್ಬು ಕಡಿಯುವ ಮಚ್ಚು. ಅದು ಮರಕ್ಕೆ ಬೀಳುವ ಸದ್ದು ಮನೆಯೊಳಗೆ ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ, ನೀನು ಯಾವಾಗಲೂ ಆಚೆ ಕಡೆ ಇರುವವನು. ಒಳಗಿದ್ದವರಿಗೆ ಪ್ರತಿ ಏಟೂ ಎದೆಯ ಮೂಳೆಗೇ ಬೀಳುತ್ತದೆ. "ತಗಿಯೇ ಬಾಗ್ಲ. ಅವಳ್ನ ಆಚಿಕ್ ಕಳ್ಸು. ಕಳ್ಸುಲಿಲ್ಲ ಅಂದ್ರೆ ಇಬ್ರುನೂ ಒಂದೇ ಗುಂಡಿಗ್ ಆಕ್ತೀನಿ." ಇದು ನನ್ನ ತಮ್ಮ ಹೇಳಿದ್ದು. ಆಮೇಲೆ ಇನ್ನೊಂದು ಮಾತು ಹೇಳಿದೆ, ಏಟಿಗೊಂದು ತುಂಡು ಮಾಡಿ. "ನೀನ್ ಅವಿತ್ಕಂಡಿರೋದೇ. ನಾನ್ ಕೊಟ್ಟಿರೋ. ಬಾಗ್ಲಿನ್ ಇಂದೆ ಕಣೆ. ನಾನೇ ಕೊಟ್ಟೆ. ನಾನೇ ಒಡಿತೀನಿ. ಯಾವನ್ ಕೇಳ್ತಾನೆ ನನ್ನ."

ಯಾರೂ ಕೇಳಲಿಲ್ಲ, ನಿಜ. ಬೀದಿಯವರು ಕಾಂಪೌಂಡಿನ ಆಚೆ ನಿಂತು ಮನೆ ವಿಚಾರ ಎಂದು ಮಾತಾಡಿಕೊಳ್ಳುತ್ತಿದ್ದರು. ಹಲಸಿನ ಹಲಗೆ ಗಟ್ಟಿ. ಆದರೂ ಎಷ್ಟು ಹೊತ್ತು ತಡೆದೀತು, ಸೀಳಿ ಒಂದು ಕಿಂಡಿಯಾಯಿತು. ಅದರಿಂದ ಮೊದಲು ಮಚ್ಚಿನ ತುದಿ ಬಂತು, ಆಮೇಲೆ ನಿನ್ನ ಕಣ್ಣು ಕಂಡಿತು, ಆಮೇಲೆ ಕೈ ಒಳಗೆ ಬಂತು. ಕೈ ಚಿಲಕವನ್ನು ತಡಕಾಡಿತು. ನಾನು ಹಿಡಿದು ನಡೆಯಲು ಕಲಿಸಿದ ಕೈ ಅದು, ನನಗೆ ಮರೆತಿರಲಿಲ್ಲ. ಮರೆಯದೆಯೇ ಅಡುಗೆಮನೆಗೆ ಹೋಗಿ, ತಪ್ಪಲೆಯನ್ನು ಸೆರಗಿನಲ್ಲಿ ಹಿಡಿದು ತಂದು ಅದರ ಮೇಲೆ ಸುರಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ, ನಿಧಾನವಾಗಿ, ಒಂದು ಹನಿಯೂ ವ್ಯರ್ಥವಾಗದ ಹಾಗೆ. ಹಂದಿ ಕಡಿಯುವಾಗ ಬಿಟ್ಟರೆ ಅಂಥ ಕೂಗನ್ನು ನಾನು ಕೇಳಿರಲಿಲ್ಲ. ನೀನು ಎಳೆದುಕೊಂಡ ರಭಸಕ್ಕೆ ಸೀಳು ಹಲಗೆಯ ಚಕ್ಕೆಗಳು ಬೆಂದ ಚರ್ಮವನ್ನು ಸುಲಿದವು. ಅದು ಅಲ್ಲೇ ಅಂಟಿಕೊಂಡು ಒಣಗಿತು.

ಅಷ್ಟಾದರೂ ಹೋಗಲಿಲ್ಲ ನೀನು. ಎಡಗೈಗೆ ಮಚ್ಚು ಬದಲಾಯಿಸಿ ಎರಡು ಕಿಟಕಿಯ ಗಾಜು ಒಡೆದೆ, ಹಿತ್ತಲಿನ ವಾಷಿಂಗ್ ಮಿಷನ್ನಿನ ಹೊಟ್ಟೆ ಸೀಳಿದೆ, ನೀರಿನ ಪೈಪನ್ನೂ ಬಿಡದೆ ಕತ್ತರಿಸಿದೆ. ಕೊನೆಗೆ ತಲೆಸುತ್ತಿ ಕೂತಾಗ ಯಾರೋ ಆಟೋಗೆ ಹತ್ತಿಸಿದರು. ನಿನ್ನ ಬೈಕೂ ಮಚ್ಚೂ ನನ್ನ ಗೇಟಿನ ಮುಂದೆಯೇ ಉಳಿದವು. ನಾನು ತಪ್ಪಲೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದೆ. ನನ್ನ ಪಾದವೂ ಸುಟ್ಟಿದೆಯೆಂದು ಗೊತ್ತಾದದ್ದು ವೀಣ ಬಂದು ತಣ್ಣೀರು ಹಾಕಿದಾಗ.

ಆ ಬಾಗಿಲು ಬಂದ ದಿನವೂ ನನಗೆ ಚೆನ್ನಾಗಿ ನೆನಪಿದೆ. ಗೃಹಪ್ರವೇಶಕ್ಕೆ ನೆಂಟರೆಲ್ಲ ಮುಯ್ಯಿ ಹಾಕಿದರು. ಒಬ್ಬರು ಕೊಳದಪ್ಪಲೆ, ಒಬ್ಬರು ಗೋಡೆ ಗಡಿಯಾರ, ಮಿಕ್ಕವರು ಕವರಿನಲ್ಲಿ ದುಡ್ಡು. ಅವರ ಮನೆಯ ಕಾರ್ಯಕ್ಕೆ ನಾನು ತಿರುಗಿ ಹಾಕಬೇಕು, ನಮ್ಮ ಕಡೆ ಅದು ನಡೆದುಕೊಂಡು ಬಂದದ್ದು. ನೀನು ಮಾತ್ರ ಬಾಗಿಲನ್ನೇ ಮುಯ್ಯಿ ತಂದೆ. ನಮ್ಮ ಗದ್ದೆ ಬದುವಿನ ಹಲಸಿನ ಮರ ಉರುಳಿಸಿ, ಆತಗೂರಿನ ಆಚಾರರ ಮನೆ ಮುಂದೆ ರಜೆ ಹಾಕಿ ಕೂತು ಮಾಡಿಸಿದ ಬಾಗಿಲು. ಟ್ರ್ಯಾಕ್ಟರಿನಲ್ಲಿ ಅದಕ್ಕೆ ಹಾಸಿಗೆ ಹಾಸಿ ಮಲಗಿಸಿಕೊಂಡು ಬಂದಿದ್ದೆ. ಮದುವೆಯಾಗದೆ ಒಬ್ಬಳೇ ಮನೆ ಕಟ್ಟಿದವಳಿಗೆ ತವರಿನ ಮುಯ್ಯಿ ಏನು ಬಂತು ಎಂದು ಯಾರೋ ಕೊಂಕು ತೆಗೆದರು. ನೀನು ಎಲ್ಲರ ಮುಂದೆ "ನಮ್ಮಕ್ಕುನ್ ಮನೆ ಬಾಗ್ಲು ನಂದೇ" ಅಂದೆ. ನನಗೆ ಅಳು ಬಂದು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಆ ಮಾತಿಗೆ ಇನ್ನೊಂದು ಅರ್ಥ ಇರಬಹುದೆಂದು ಆಗ ಹೊಳೆಯಲಿಲ್ಲ. ನಿನಗೂ ಹೊಳೆದಿರಲಿಲ್ಲವೇನೋ.

ಸೋಮವಾರ ಮೊದಲ ಬಸ್ಸಿಗೆ ಅಮ್ಮ ಬಂದಳು. ಒಳಗೆ ಕಾಲಿಡುವ ಮೊದಲೇ ಪೊರಕೆ ಕೇಳಿದಳು. ಒಡೆದ ಗಾಜು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಇರಬಾರದಂತೆ. ನಾನು ಬೇಡ, ಹಾಗೇ ಇರಲಿ, ಇನ್ಶೂರೆನ್ಸಿನವರು ನೋಡಬೇಕು ಎನ್ನುವಷ್ಟರಲ್ಲಿ ಅಷ್ಟನ್ನೂ ಗುಡಿಸಿ ಮೋರಿಗೆ ಹಾಕಿ ಬಂದಳು. ಕಿಟಕಿಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಚೂರುಗಳನ್ನೂ ಬಟ್ಟೆ ಸುತ್ತಿದ ಕೈಯಿಂದ ಕಿತ್ತಳು. ಆಮೇಲೆ ಬಟ್ಟಲಲ್ಲಿ ಅರಿಸಿನ ಕಲಸಿ ಬಾಗಿಲಿನ ಸೀಳುಗಳಿಗೆಲ್ಲ ಒಂದೊಂದಾಗಿ ಹಚ್ಚಿದಳು. "ಬಾಗ್ಲು ಅಂದ್ರೆ ಲಕ್ಸ್ಮಿ ಕಣವ್ವ. ಗಾಯ ಬುಟ್ಕಂಡ್ ನಿಲ್ಬಾರ್ದು" ಅಂದಳು. ವೀಣ ಹೊಲಿಗೆ ಹಾಕಿದ ಕಿವಿಯೊಡನೆ ಪಕ್ಕದಲ್ಲೇ ನೀರಿನ ಚೆಂಬು ಹಿಡಿದು ನಿಂತಿದ್ದಳು. ಮರಕ್ಕೆ ಮದ್ದು ಹಚ್ಚಿ ಮುಗಿಸುವವರೆಗೂ ಅಮ್ಮ ಅವಳ ಮುಖ ನೋಡಲಿಲ್ಲ. ಮುಗಿದ ಮೇಲೆ ಚೆಂಬು ಇಸಿದುಕೊಂಡು ಕೈ ತೊಳೆದಳು. ನನ್ನ ಕೈಯಲ್ಲಿ ಆಗ ಏನಾದರೂ ಇದ್ದಿದ್ದರೆ ಅಮ್ಮನ ಮೇಲೂ ಎಸೆಯುತ್ತಿದ್ದೆ.

ಪಾಲಿಸಿ ಮಾಡಿಸಿದ ಏಜೆಂಟ್ ಸ್ವರೂಪ್ ಬಂದು ನೋಡಿ ಹಣೆ ಹಣೆ ಚಚ್ಚಿಕೊಂಡ. ಗಾಜೇ ಇಲ್ಲದೆ ಗಾಜಿನ ಫೋಟೋ ಹೇಗೆ ತೆಗೆಯಲಿ ಎಂದ. ಒಳ್ಳೆಯ ಮನುಷ್ಯ, ನನ್ನ ಮೇಲಿನ ಗೌರವಕ್ಕೆ ಎಲ್ಲವನ್ನೂ ಬಿಡಿಸಿ ಹೇಳಿದ. ಬೇಕೆಂದೇ ಯಾರಾದರೂ ಮನೆ ಒಡೆದರೆ ಪಾಲಿಸಿಯಲ್ಲಿ ಪರಿಹಾರ ಉಂಟು. ಆದರೆ ಬಾಗಿಲು ಹಳೆಯದಾಯಿತೆಂದು ಒಂದಿಷ್ಟು ಕಡಿತ, ಪ್ರತಿ ಕ್ಲೇಮಿಗೂ ನಮ್ಮ ಕೈಯಿಂದ ಹಾಕಬೇಕಾದ ಪಾಲು ಒಂದಿಷ್ಟು, ಮುಂದಿನ ವರ್ಷ ಕಂತಿನಲ್ಲಿ ಸಿಗುವ ರಿಯಾಯಿತಿಯೂ ಖೋತಾ. "ಕೊನೆಗ್ ನಿಮ್ ಕೈಗ್ ಬರೋದು ಒಂದು ಒಳ್ಳೆ ಚಿಲಕುದ್ ದುಡ್ಡು ಮಿಸ್. ಓಡಾಟ ನೋಡುದ್ರೆ ಆಕ್ದೆ ಇರೋದೇ ವಾಸಿ" ಅಂದ. ಹಾಕಲೇಬೇಕೆಂದರೆ ಪೊಲೀಸ್ ದೂರಿನ ಪ್ರತಿ ಬೇಕಂತೆ. "ಯಾರೋ ಅಪರಿಚಿತರು ಅಂತ ಕೊಟ್ಬುಡಿ. ನಿಮ್ ತಮ್ಮುಂದ್ ಕೆಲ್ಸ ಉಳಿತದೆ, ನಿಮ್ದೂ ಉಳಿತದೆ. ಎಸರಿನ್ ವಿಚಾರ ಮಾತ್ರ ಬಾಯ್ ಬುಡ್ಬೇಡಿ."

ಆಮೇಲೆ ಬಾಗಿಲಿನ ಬಿಲ್ ಕೇಳಿದ. ಇಲ್ಲ, ಮುಯ್ಯಿಗೆ ಬಂದದ್ದು ಎಂದೆ. ಕೊಟ್ಟವರು ಯಾರು ಎಂದ. ತಮ್ಮ ಎಂದೆ. ಒಡೆದವರು ಯಾರು ಎಂದು ಕೇಳಲು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. ಹುಡುಕಿದಾಗ ನನ್ನ ಹತ್ತಿರ ಸಿಕ್ಕ ಬಿಲ್ ಒಂದೇ, ಮಳವಳ್ಳಿ ಪೇಟೆಯ ಅಂಗಡಿಯಲ್ಲಿ ನಾನು ಕೊಂಡ ಹಿತ್ತಾಳೆ ಚಿಲಕದ್ದು. ಒಡೆಯದೆ ಉಳಿದದ್ದೂ ಅದೊಂದೇ. ಇಬ್ಬರೂ ನಕ್ಕೆವು, ಬೇರೇನು ಮಾಡುವುದು.

ಮಾರನೆಯ ದಿನ ನೀನು ಕಳಿಸಿದ ದೊಡ್ಡಪ್ಪ ಬಂದರು. ಚಿಕ್ಕಬೋರಯ್ಯನವರು ಕೂತು ಎಲೆಅಡಿಕೆ ಬಿಚ್ಚಿದರೆಂದರೆ ನ್ಯಾಯ ಶುರುವಾಯಿತು ಎಂದೇ ಲೆಕ್ಕ. "ನೋಡವ್ವ ಸಸಿ, ಅವ್ನೂ ಕೈ ಸುಡುಸ್ಕಂಡವ್ನೆ, ನೀನೂ ಬಾಗ್ಲು ಒಡುಸ್ಕಂಡಿದ್ದೀಯ. ಅಲ್ಲಿಗಲ್ಲಿಗ್ ಸರಿಯೋಯ್ತು. ಎಂಗೂ ಅವ್ನೇ ಕೊಟ್ಟಿದ್ದು, ಅವ್ನೇ ಒಡ್ದ. ತೇಗದ್ ಬಾಗ್ಲು ಮಾಡುಸ್ಕೊಡ್ತಾನೆ, ಇದ್ಕಿಂತ ಬಂದೋಬಸ್ತಾಗಿರ್ತದೆ. ನೀನು ಆ ಎಣ್ಣ ಕಳ್ಸ್ಕೊಡು. ಟೇಸನ್ ಮೆಟ್ಲು ಅತ್ತುದ್ರೆ ಅವ್ನೂ ಮನೇಲ್ ಕೂತ್ಕತನೆ, ನೀನೂ ಮನೇಲ್ ಕೂತ್ಕತೀಯ." ಮೆತ್ತಗೆ, ಪ್ರೀತಿಯಿಂದ ಹೇಳಿದರು. ಒಂದು ಬಾಗಿಲಿಗೆ ಒಬ್ಬ ಹೆಂಗಸು ಎಂದು ಕ್ರಯ ಹೇಳಿದ ಹಾಗೆ ನನಗೆ ಕೇಳಿಸಿತು. ಅವರಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ.

ಸುಳ್ಳು ಯಾಕೆ, ನಾನು ಒಂದು ಕ್ಷಣ ತೂಗಿದೆ. ಮನೆಯ ಸಾಲ ಇನ್ನೂ ಇದೆ. ಸರ್ಕಾರಿ ಹೈಸ್ಕೂಲಿನ ಟೀಚರು ತಮ್ಮನ ಕೈ ಬೇಯಿಸಿದಳು ಎಂದು ಪೇಪರಿನಲ್ಲಿ ಬಂದರೆ ನನ್ನ ನೌಕರಿಗೂ ಕುತ್ತು. ಕ್ಲೇಮಿನಿಂದ ಬರುವುದು ಚಿಲಕದ ದುಡ್ಡು, ಹೋಗುವುದು ಇಬ್ಬರ ಅನ್ನ. ಕ್ಲೇಮೇ ಬೇಡ, ಇಲ್ಲವೆಂದರೆ ಅಪರಿಚಿತರು ಎಂದು ಒಂದು ಪದ ಗೀಚಿದರಾಯಿತು ಎಂದು ಅವತ್ತು ಸಂಜೆ ಪೆನ್ನು ತೆಗೆದುಕೊಂಡು ಕೂತೆ. ಪದದ ಅರ್ಧವನ್ನು ಬರೆದೂ ಇದ್ದೆ.

ವೀಣ ಕಾಫಿ ಇಡಲು ಬಂದವಳು ನಿಂತು ಓದಿದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಅವತ್ತೂ ಜೋರಾಗಿ ಮಾತಾಡಲಿಲ್ಲ. "ಅಕ್ಕ, ನನ್ ಕೈ ಮುರ್ದಾಗ್ಲೂ ಇಂಗೇ. ಬಚ್ಲಲ್ ಜಾರಿ ಬಿದ್ಲು ಅಂತ ಅತ್ತೆ ಆಸ್ಪತ್ರೇಲ್ ಬರ್ಸುದ್ರು. ಕೆನ್ನೆ ಊದಿದ್ದಾಗ ಎಮ್ಮೆ ಒದೀತು ಅಂದ್ರು. ಈಗ ಬಾಗ್ಲೂ ಜಾರಿ ಬಿತ್ತಾ?" ಅಂದಳು. ಕಾಫಿ ಇಟ್ಟು ಒಳಗೆ ಹೋದಳು.

ನಾನು ಆ ಕಾಫಿ ಕುಡಿಯಲಿಲ್ಲ. ಮಹದೇವು, ನನಗೆ ನಮ್ಮ ಹಳೆಯ ಹಟ್ಟಿಮನೆಯ ವಾಡೆ ನೆನಪಾಯಿತು. ರಾಗಿ ತುಂಬುತ್ತಿದ್ದ ಆ ದೊಡ್ಡ ಮಣ್ಣಿನ ವಾಡೆಯ ಹಿಂದೆ ನಾವಿಬ್ಬರೂ ಕೂರುತ್ತಿದ್ದೆವು, ಅಪ್ಪ ಅಮ್ಮನಿಗೆ ಹೊಡೆಯುವಾಗ. ಅಪ್ಪ ನೇಗಿಲಿನ ಹಗ್ಗದಲ್ಲಿ ಹೊಡೆಯುತ್ತಿದ್ದ, ಒದ್ದೆ ಮಾಡಿಕೊಂಡು. ನೀನು ಅಳುವ ಸದ್ದು ಕೇಳಿದರೆ ನಮ್ಮ ಕಡೆ ಬರುತ್ತಾನೆಂದು ನಿನ್ನ ಬಾಯಿಗೆ ನನ್ನ ಮುಂಗೈ ಕೊಡುತ್ತಿದ್ದೆ. ನೀನು ಕಚ್ಚಿ ಹಿಡಿಯುತ್ತಿದ್ದೆ. ಹಲ್ಲಿನ ಕಲೆ ಇವತ್ತಿಗೂ ಇದೆ, ಬೋರ್ಡಿನ ಮೇಲೆ ಬರೆಯುವಾಗೆಲ್ಲ ಕಾಣುತ್ತದೆ. ಬೆಳಿಗ್ಗೆ ಊರವರು ಕೇಳಿದರೆ ಅಮ್ಮ ಹುಲ್ಲಿನ ಮೆದೆಯಿಂದ ಬಿದ್ದೆ ಎನ್ನುತ್ತಿದ್ದಳು. ನೀನು ವಾಡೆಯ ಹಿಂದೆ ನನ್ನ ಕಿವಿಯಲ್ಲಿ "ದೊಡ್ಡೋನಾದ್ಮೇಲೆ ಅಪ್ಪುನ್ ಕೈ ಮುರಿತೀನಿ ಅಕ್ಕ" ಎನ್ನುತ್ತಿದ್ದೆ. ನಾನು ನಂಬಿದ್ದೆ. ಅಪ್ಪ ಸತ್ತಾಗ ಪೀಡೆ ಹೋಯಿತು ಎಂದುಕೊಂಡೆ. ಆ ಕೈಯನ್ನು ನೀನು ಮುರಿಯಲಿಲ್ಲ, ಜೋಡಿಸಿಕೊಂಡೆ. ನಿನ್ನನ್ನು ಎಷ್ಟು ದ್ವೇಷಿಸುತ್ತೇನೋ ಅಷ್ಟೇ ಆ ವಾಡೆಯ ಹಿಂದಿನ ಮಗುವಿಗಾಗಿ ನನ್ನ ಹೊಟ್ಟೆ ಉರಿಯುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ.

ಬರೆದ ಹಾಳೆಯನ್ನು ಹರಿದು ಹಾಕಿದೆ. ಮರುದಿನ ರಜೆ ಹಾಕಿ ವೀಣಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಮೊದಲು ಅವಳು ಹೇಳಿದಳು, ಕಿವಿಯದು, ಕೈಯದು, ಕೆನ್ನೆಯದು, ಹೊಟ್ಟೆಗೆ ಒದ್ದದ್ದು. ಅದೆಲ್ಲವನ್ನೂ ನಾನೂ ಒಟ್ಟಿಗೆ ಕೇಳಿದ್ದು ಆಗಲೇ. ಆಮೇಲೆ ನಾನು ಬಾಗಿಲಿನದು ಹೇಳಿದೆ. ನಿನ್ನ ಹೆಸರು, ಅಪ್ಪನ ಹೆಸರು, ಊರು ಕೊಪ್ಪ, ಕೆಲಸ ಲೈನ್‌ಮನ್. ಎಸರಿನ ವಿಚಾರ ಬಂದಾಗ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ "ಇದ್ನೂ ಬರೀಬೇಕಾ ಮೇಡಂ?" ಎಂದರು. ಬರೆಯಿರಿ ಎಂದೆ. ನಿನ್ನದೊಂದನ್ನೇ ಬರೆಸಿ ನನ್ನದನ್ನು ಬಚ್ಚಲಿನಲ್ಲಿ ಜಾರಿಸಿದರೆ ನಾನೂ ಅಮ್ಮನ ಮಗಳೇ ಆಗುತ್ತೇನೆ. ನಿನ್ನ ಬೈಕು, ಮಚ್ಚು ಎರಡನ್ನೂ ಅವರು ಅವತ್ತೇ ತೆಗೆದುಕೊಂಡು ಹೋದರು.

ದೂರಿನ ಪ್ರತಿ ಹಚ್ಚಿ ಕ್ಲೇಮ್ ಹಾಕಿದೆ. ಒಡೆದ ಆಸ್ತಿ ಯಾರದು ಎಂಬಲ್ಲಿ ನನ್ನ ಹೆಸರು ಬರೆದೆ. ಕೊಟ್ಟವರು ಯಾರೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಸ್ವರೂಪನಿಗೆ ಅದೇ ಅರ್ಥವಾಗಲಿಲ್ಲ. ಇಷ್ಟು ಸಣ್ಣದಕ್ಕೆ ಒಡಹುಟ್ಟಿದವನನ್ನು ಸ್ಟೇಷನ್ನಿಗೆ ಹಾಕಿದಿರಲ್ಲ ಮಿಸ್ ಎಂದು ಬೇಜಾರು ಮಾಡಿಕೊಂಡ. ದುಡ್ಡಿಗೆ ನೋಡಿದರೆ ಅವನ ಲೆಕ್ಕವೇ ಸರಿ. ನನಗೆ ಬೇಕಾಗಿದ್ದದ್ದು ಬಾಗಿಲು ನನ್ನದು ಎಂದು ಯಾರಾದರೂ ಒಪ್ಪುವುದು. ನೀನು ಒಪ್ಪಲಿಲ್ಲ, ಅಮ್ಮ ಒಪ್ಪಲಿಲ್ಲ, ದೊಡ್ಡಪ್ಪನೂ ಒಪ್ಪಲಿಲ್ಲ. ಕೊಟ್ಟದ್ದೆಲ್ಲ ಕೊಟ್ಟ ಮೇಲೂ ನಿನ್ನದೇ, ಕಟ್ಟಿಕೊಂಡದ್ದೆಲ್ಲ ಒಡೆಯುವುದಕ್ಕೇ ಎಂದು ನಿಮಗೆಲ್ಲ ಎಲ್ಲೋ ತಲೆಯೊಳಗೆ ಕೂತಿದೆ. ವೀಣಳ ಕಿವಿಯೂ ನಿನಗೆ ನೀನೇ ಓಲೆ ಹಾಕಿಸಿದ ಜಾಗ, ಅಷ್ಟೇ.

ಇನ್ಶೂರೆನ್ಸ್ ಕಂಪನಿಯ ಸರ್ವೇಯರು ನಿನ್ನೆ ಬಂದಿದ್ದರು. ಬಾಗಿಲು ನೋಡಿ "ಇದೇನ್ ಮೇಡಂ, ಒಡೆದ್ ಬಾಗ್ಲಿಗೆ ಪೂಜೆ ಮಾಡಿದ್ದೀರಾ?" ಎಂದರು. ಅರಿಸಿನದ ಕಥೆ ಹೇಳಿದೆ. ಅಳೆದರು, ಫೋಟೋ ತೆಗೆದರು. ಚಕ್ಕೆಗೆ ಅಂಟಿದ್ದನ್ನು ನೋಡಿ ಇದೇನೆಂದು ಕೇಳಿದರು. ನನ್ನ ತಮ್ಮನ ಚರ್ಮ ಎಂದೆ. ಅದರದ್ದೂ ಒಂದು ಫೋಟೋ ತೆಗೆದರು. ನಾನು ಎಸರು ಸುರಿದದ್ದಕ್ಕೆ ಕಂಪನಿ ತಕರಾರು ತೆಗೆದರೂ ತೆಗೆಯಬಹುದು, ಗಾಜಿನದಂತೂ ಸಿಗುವುದಿಲ್ಲ, ಆಯಿತು ನೋಡೋಣ ಎಂದು ಹೋದರು. ಸಿಗದಿದ್ದರೆ ಬೇಡ. ನನಗೂ ಇಲಾಖೆಯಿಂದ ನೋಟೀಸು ಬಂದಿದೆ, ಉತ್ತರ ಕೊಡುತ್ತೇನೆ. ನಿನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆಂದು ಅಮ್ಮ ಫೋನಿನಲ್ಲಿ ಶಾಪ ಹಾಕಿದಳು. "ತಮ್ಮುನ್ ಅನ್ನುಕ್ ಕಲ್ ಆಕ್ಬುಟ್ಟಲ್ಲೇ, ನಿನ್ ಬಾಯಿಗ್ ಮಣ್ಣಾಕ" ಅಂದಳು. ಕೇಳಿಸಿಕೊಂಡೆ. ನಿನ್ನ ಹೆಂಡತಿಯ ತಲೆಯನ್ನು ನೀನು ಒರಳಿಗೆ ಗುದ್ದುವಾಗ ಅಮ್ಮ ಪಕ್ಕದ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳಂತೆ. ಅವಳ ಶಾಪಕ್ಕೆ ನಾನು ಹೆದರುವುದಿಲ್ಲ.

ತೇಗದ ಬಾಗಿಲು ಬೇಡವೆಂದು ದೊಡ್ಡಪ್ಪನಿಗೆ ಹೇಳಿ ಕಳಿಸಿದ್ದೇನೆ. ಮದ್ದೂರಿನಿಂದ ಒಂದು ಕಬ್ಬಿಣದ ಬಾಗಿಲು ತರಿಸಿ ಹಾಕಿಸಿದೆ. ನೋಡಲು ಚೆನ್ನಾಗಿಲ್ಲ, ಗೋದಾಮಿನ ಬಾಗಿಲಿನಂತಿದೆ. ಬಿಲ್ ನನ್ನ ಹೆಸರಿನಲ್ಲಿದೆ. ಹಿತ್ತಾಳೆ ಚಿಲಕ ಹಳೆಯದನ್ನೇ ಕೂರಿಸಿದರು. ವೀಣ ಮೂರು ಸಲ ಹಾಕಿ ತೆಗೆದು ನೋಡಿದಳು. ಸೋಮವಾರದಿಂದ ಅವಳು ಮಳವಳ್ಳಿಯಲ್ಲೇ ಒಂದು ಬಟ್ಟೆ ಅಂಗಡಿಗೆ ಹೋಗುತ್ತಿದ್ದಾಳೆ. ರಾತ್ರಿ ನಿದ್ದೆಯಲ್ಲಿ ಕೈ ಅಡ್ಡ ಹಿಡಿದುಕೊಳ್ಳುವುದು ಇನ್ನೂ ನಿಂತಿಲ್ಲ.

ನಿನ್ನ ಹಲಸಿನ ಬಾಗಿಲನ್ನು ಇವತ್ತು ಬೆಳಿಗ್ಗೆ ಹಿತ್ತಲಿಗೆ ಎಳೆದುಕೊಂಡು ಹೋಗಿ ಕೊಡಲಿಯಿಂದ ಸೌದೆ ಒಡೆದೆ. ನಾನೇ ಒಡೆದೆ. ಕೈಯಲ್ಲಿ ಬೊಬ್ಬೆ ಬಂದಿದೆ. ನನ್ನದನ್ನು ನಾನು ಒಡೆದರೆ ಯಾರೂ ಕೇಳುವ ಹಾಗಿಲ್ಲ. ಮೂರು ಕಲ್ಲು ಇಟ್ಟು ಹಂಡೆ ಏರಿಸಿದೆ. ಒಣಗಿದ ಹಲಸು ಚೆನ್ನಾಗಿ ಉರಿಯಿತು. ಕಿವಿಯ ಹೊಲಿಗೆ ಬಿಚ್ಚಿದ ಮೇಲೆ ತಲೆಗೆ ನೀರು ಹಾಕಿಕೊಳ್ಳಬಹುದೆಂದು ಡಾಕ್ಟರು ಹೇಳಿದ್ದರು. ವೀಣಳನ್ನು ಮಣೆಯ ಮೇಲೆ ಕೂರಿಸಿ ನಾನೇ ಎರೆದೆ. ಚೆಂಬು ಎತ್ತಿದಾಗ ಮೊದಲು ಬೆದರಿದಳು, ಎಸರು ಸುರಿದ ಕೈಯಲ್ಲವೇ. ನೀರು ಹದವಾಗಿದೆ ಮುಟ್ಟಿ ನೋಡು ಎಂದೆ. ಮುಟ್ಟಿ ನೋಡಿ ತಲೆ ಬಗ್ಗಿಸಿದಳು. ಹಾಗೇ ಕೂತು ಅತ್ತಳು, ಸದ್ದು ಮಾಡಿ ಅತ್ತಳು. ಬಾಗಿಲು ಬೂದಿಯಾಗುವವರೆಗೂ ಎರೆದೆ.

ಇದು ನಿನ್ನ ಮುಯ್ಯಿಗೆ ನಾನು ತಿರುಗಿ ಹಾಕುವ ಮುಯ್ಯಿ. ಈ ಗೌರಿಹಬ್ಬಕ್ಕೆ ಬಾಗಿನ ತರಬೇಡ.

ಈಗ ಆಶೀರ್ವಾದ. ನಿನ್ನ ಕೈ ವಾಸಿಯಾಗಲಿ, ಮೊದಲಿನಂತೆ ಬೆರಳೆಲ್ಲ ಆಡಲಿ, ತಾಯಿ ತುತ್ತಿಡುವ ಗತಿ ನಿನಗೆ ತಪ್ಪಲಿ. ಸುಟ್ಟ ಕಲೆ ಮಾತ್ರ ಸಾಯುವವರೆಗೂ ಮಾಸದಿರಲಿ. ಯಾರ ಮೇಲಾದರೂ ಎತ್ತುವಾಗ ಅದು ನಿನ್ನ ಕಣ್ಣಿಗೆ ಬೀಳಲಿ.

ನಿನ್ನ ಹಲ್ಲಿನ ಕಲೆ ಕೈಮೇಲೆ ಹೊತ್ತ ಅಕ್ಕ,
ಶಶಿರೇಖಾ